ಎರೆಹೊಂಡದ ಬತ್ತಲೆವಾಡೆ

ಮಲಪ್ರಭೆಯ ಬಯಲಿನಲ್ಲಿ ಎರೆಹೊಂಡ ಎಂಬ ಊರಿದೆ. ಅಗಸಿಬಾಗಿಲು ದಾಟಿ ಒಳಗೆ ಬಂದವರಿಗೆ ಎಡಗಡೆ ಮೊಳದಷ್ಟು ಎತ್ತರದ ಕಲ್ಲಿನ ಜಗತಿಯ ಮೇಲೆ ಒಂದು ದೊಡ್ಡ ಮನೆ ಕಾಣುತ್ತದೆ. ಕಾಣುತ್ತದೆ ಎಂದರೆ ಪೂರಾ ಕಾಣುತ್ತದೆ, ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಪಡಸಾಲೆಯ ಆಚೆ ನಡುಮನೆ, ನಡುಮನೆಯ ಆಚೆ ದೇವರಕೋಣೆ, ಅದರಾಚೆ ಹಿತ್ತಲು, ಹಿತ್ತಲಿನಾಚೆ ಕುಸುಬೆಯ ಹೊಲ, ಎಲ್ಲವೂ ಬೀದಿಯಲ್ಲಿ ನಿಂತವನ ಕಣ್ಣಿಗೆ ಒಂದೇ ಸಾಲಿನಲ್ಲಿ ಬೀಳುತ್ತವೆ. ಏಕೆಂದರೆ ಈ ಮನೆಗೆ ಕಂಬಗಳಿವೆ, ತೊಲೆಗಳಿವೆ, ಮೇಲೆ ಮಣ್ಣು ಮೆತ್ತಿದ ಮೇಲ್ಮುದ್ದೆಯ ಮಾಡು ಇದೆ, ಗಜಲಕ್ಷ್ಮಿಯನ್ನು ಕೆತ್ತಿದ ಭಾರಿ ಬಾಗಿಲವಾಡವೂ ಇದೆ. ಗೋಡೆಗಳು ಮಾತ್ರ ಇಲ್ಲ. ಬಿದ್ದುಹೋಗಿಲ್ಲ, ಮೊದಲಿನಿಂದಲೂ ಇಲ್ಲ. ಹಿತ್ತಲ ಕಡೆ ಮೊಣಕಾಲೆತ್ತರದ ಒಂದು ಸಣ್ಣ ಮಣ್ಣಿನ ಗೋಡೆ ಒಲೆಯನ್ನು ಬಳಸಿ ನಿಂತಿದೆ. ಅಷ್ಟೆತ್ತರದ ಗೋಡೆಯಿಂದ ಕೋಳಿಯನ್ನು ತಡೆಯಬಹುದು, ಮನುಷ್ಯರ ಕಣ್ಣನ್ನಲ್ಲ. ಜನ ಇದನ್ನು ಬತ್ತಲೆವಾಡೆ ಎನ್ನುತ್ತಾರೆ.

ಈಗೀಗ ಇದನ್ನು ನೋಡಲು ಪಟ್ಟಣದಿಂದ ಜನ ಬರುತ್ತಾರೆ. ಬಂದವರ ನಡತೆಯನ್ನು ಹೇಳಿದರೆ ಬಾಯಿ ಹೊಲಸಾಗುತ್ತದೆ. ಹಂಸ, ಗಿಳಿ, ತಾವರೆ ಕೆತ್ತಿದ ಬೋದಿಗೆಗಳ ಕೆಳಗೆ ನಿಂತು ಗುಟಕಾ ಉಗುಳುತ್ತಾರೆ. ಜಗತಿಯ ಸಂದಿಗೆ ಊಟದ ಪ್ಲಾಸ್ಟಿಕ್ ತಟ್ಟೆಗಳನ್ನು ತುರುಕುತ್ತಾರೆ. ತೇಗದ ಕಂಬದ ಮೇಲೆ ಮೊಳೆಯಿಂದ ತಮ್ಮ ಹೆಸರು, ಪಕ್ಕದಲ್ಲೊಂದು ಹೃದಯ. ಅದು ಸಾಲದೆಂದು ಮಾಡಿನ ತುಂಬ ಬಾವಲಿಗಳು. ಅವುಗಳ ಹಿಕ್ಕೆಯ ಗಬ್ಬು ಮಳೆಗಾಲದಲ್ಲಿ ಅಗಸಿಯವರೆಗೂ ಹೊಡೆಯುತ್ತದೆ. ವಾಡೆಯನ್ನು ಗುಡಿಸಿ ಕಾಯುವ ಫಕೀರಜ್ಜ ಬಾವಲಿಗಳನ್ನು ಬಯ್ಯುವುದಿಲ್ಲ. 'ಅವು ತಿಂದಿದ್ದು ಹಾಕ್ತಾವ, ಪಾಪ. ಇವರು ತಿನ್ನಬಾರದ್ದು ತಿಂದು ಕಂಬಕ್ಕ ಉಗುಳ್ತಾರ' ಎಂದು ಬಂದವರ ಎದುರಿಗೇ ಹೇಳುತ್ತಾನೆ. ಆದರೂ ಅವರ ಕಣ್ಣು ಮಾಡಿನ ಜಂತಿಗೆ ಸರಪಳಿಯಿಂದ ತೂಗುಬಿಟ್ಟ ಹಸಿರುಗಟ್ಟಿದ ತಾಮ್ರದ ಬಟ್ಟಲಿನ ಮೇಲೆ ಬಿದ್ದು, ಅದೇನೆಂದು ಕೇಳಿದರೆ, ಕಸಬರಿಗೆಯನ್ನು ಬದಿಗಿಟ್ಟು ಅವನು ಹೇಳುವ ಸಂಗತಿ ಹೀಗಿದೆ.

ಹಿಂದೆ ಒಮ್ಮೆ, ಈ ಸೀಮೆಯಲ್ಲಿ ಊರಿಗೊಬ್ಬ ಗೌಡನೇ ದೊರೆಯಾಗಿದ್ದ ಕಾಲದಲ್ಲಿ, ಎರೆಹೊಂಡಕ್ಕೆ ಪರ್ವತಗೌಡ ಎಂಬವನು ಒಡೆಯನಾಗಿದ್ದನಂತೆ. ಆಳು ನೋಡಲು ಸುಂದರ, ಮಾತು ಮೆದು, ಮೀಸೆಗೆ ದಿನಾ ಬೆಣ್ಣೆ. ತಾನು ತಪ್ಪಿದೆ ಎಂಬ ಒಂದು ಮಾತನ್ನು ಬಿಟ್ಟು ಉಳಿದ ಎಲ್ಲ ಮಾತೂ ಅವನ ಬಾಯಿಗೆ ಬರುತ್ತಿತ್ತು ಎನ್ನುತ್ತಾರೆ. ಅವನ ಹೆಂಡತಿ ನಿಂಬೆವ್ವ ತುಂಗಭದ್ರೆಯ ಕಡೆಯ ಬಡ ಮನೆತನದವಳು. ಅವಳ ತವರಿನಲ್ಲಿ ಬಂಗಾರವಿರಲಿಲ್ಲ, ಆದರೆ ಅವಳ ಕೈಯಲ್ಲಿ ರುಚಿಯಿತ್ತು. ಬರೀ ಜೋಳದ ನುಚ್ಚು, ಮಜ್ಜಿಗೆ, ಒಂದು ಹಸಿಮೆಣಸಿನಕಾಯಿ ಕೊಟ್ಟರೂ ಉಂಡವರು ಬೆರಳು ನೆಕ್ಕುತ್ತಿದ್ದರು. ಊರಿನಲ್ಲಿ ಬಾಣಂತಿಗೆ ಮೊದಲ ಊಟ, ಕಾಯಿಲೆ ಬಿದ್ದವರಿಗೆ ಗಂಜಿ, ಸತ್ತವರ ಮನೆಗೆ ಬುತ್ತಿ, ಎಲ್ಲವೂ ನಿಂಬೆವ್ವನ ಕೈಯಿಂದಲೇ ಹೋಗಬೇಕು. ಗೌಡನಿಗೆ ಹೆದರಿ ಜನ ಕೈಮುಗಿಯುತ್ತಿದ್ದರು. ನಿಂಬೆವ್ವನ ಮುಂದೆ ಮಾತ್ರ ಹೆದರದೆ ಕೈಚಾಚುತ್ತಿದ್ದರು. ಅವಳು ಜಂಬಪಡುತ್ತಿದ್ದರೆ ಅದೊಂದಕ್ಕೇ.

ಹಳೆಯ ಮನೆ ಸಣ್ಣದಾಯಿತೆಂದು ಗೌಡ ಹೊಸ ವಾಡೆ ಎತ್ತಿಸಲು ಹೊರಟ. ಪಡುವಣ ಕಾಡಿನಿಂದ ಬಂಡಿಗಳ ಮೇಲೆ ತೇಗ ಬಂತು, ಊರ ಹೊಲಗಳಿಂದ ಕರಿಜಾಲಿ, ಬೇವು ಬಂದವು. ಮೋನಪ್ಪ ಬಡಿಗೇರ ಎಂಬ ಕೆಲಸಗಾರ ತನ್ನ ಮಕ್ಕಳನ್ನು ಕಟ್ಟಿಕೊಂಡು ಬಂದು ಕೆಲಸಕ್ಕೆ ಕೂತ. ಈ ಕಡೆಯ ಮನೆಗಳ ಬಗೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಇಲ್ಲಿ ಮಾಡಿನ ಭಾರವನ್ನು ಹೊರುವುದು ಗೋಡೆಯಲ್ಲ, ಕಂಬ. ನೆಲದಲ್ಲಿ ಕಲ್ಲು ಕೂರಿಸಿ, ಕಲ್ಲಿನ ಮೇಲೆ ಕಂಬ ನಿಲ್ಲಿಸಿ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ, ಜಂತಿಯ ಮೇಲೆ ಹಲಗೆ ಹಾಸಿ, ಅದರ ಮೇಲೆ ನೀರು ಇಳಿಯಗೊಡದ ಕರಲು ಮಣ್ಣನ್ನು ದಪ್ಪಗೆ ಮೆತ್ತುತ್ತಾರೆ. ಒಂದು ಮರದ ಕೊರಳು ಇನ್ನೊಂದರ ಎದೆಗೆ ಸೇರುವಂತೆ ಕೊರೆದಿರುತ್ತಾರೆ. ಕಬ್ಬಿಣದ ಮೊಳೆ ಬೇಡ. ಮಾಡು ಮುಗಿದ ಮೇಲೆ, ಎಲ್ಲಕ್ಕೂ ಕಡೆಗೆ, ಮಣ್ಣಿನ ಗೋಡೆ. ಗೋಡೆ ಮನೆಗೆ ಉಡಿಸುವ ಬಟ್ಟೆ ಅಷ್ಟೇ ಎಂದು ಮೋನಪ್ಪ ಹೇಳುತ್ತಿದ್ದನಂತೆ. ಮೈ ಗಟ್ಟಿಯಾಗಿ ನಿಲ್ಲಲು ಬಟ್ಟೆ ಬೇಕಿಲ್ಲ, ಮಾನವಾಗಿ ನಿಲ್ಲಲು ಬೇಕು. ಪರ್ವತಗೌಡನ ವಾಡೆಯ ಮೈ ಗಟ್ಟಿಯಾಗಿಯೇ ಎದ್ದು ನಿಂತಿತು.

ಗೋಡೆಯ ಮಣ್ಣನ್ನು ಯಾವ ಮನೆಯವನೂ ತಾನೊಬ್ಬನೇ ಹದ ಮಾಡುವಂತಿಲ್ಲ. ಅದಕ್ಕೆ ಊರೇ ಇಳಿಯಬೇಕು. ಮನೆಯ ಪಕ್ಕದಲ್ಲಿ ಗುಂಡಿ ತೋಡಿ, ಮಣ್ಣಿಗೆ ಹೊಟ್ಟು, ಸಗಣಿ, ಹಳೆಯ ಹುಲ್ಲು ಬೆರೆಸಿ, ನೀರು ಬಿಟ್ಟು, ವಾರಗಟ್ಟಲೆ ಕೊಳೆ ಹಾಕುತ್ತಾರೆ. ಕೊಳೆತಷ್ಟೂ ಗೋಡೆ ಗಟ್ಟಿ. ಆ ಗುಂಡಿಯಿಂದ ಏಳುವ ನಾತದ ಎದುರಿಗೆ ಸತ್ತ ಎಮ್ಮೆಯೂ ನಾಚಬೇಕು. ಹದ ಬಂದ ದಿನ ಗಂಡಸರು ಕಚ್ಚೆ ಬಿಗಿದು, ಹೆಂಗಸರು ಸೀರೆ ಎತ್ತಿ ಕಟ್ಟಿ, ತೊಡೆಯ ತನಕ ಅದರೊಳಗೆ ಇಳಿದು ಹಾಡು ಹೇಳುತ್ತ ತುಳಿಯುತ್ತಾರೆ. ಇದಕ್ಕೆ ಕೂಲಿಯಿಲ್ಲ. ಇಂದು ನಿನ್ನ ಮನೆಗೆ ನಾನು, ನಾಳೆ ನನ್ನ ಮನೆಗೆ ನೀನು. ಕೊಡಬೇಕಾದದ್ದು ಒಂದು ಹೊತ್ತಿನ ಹುಗ್ಗಿಯ ಊಟ ಮಾತ್ರ. ಆ ಊಟಕ್ಕೊಂದು ಕಟ್ಟಳೆಯಿತ್ತು. ಎಲ್ಲರಿಗೂ ಒಂದೇ ಕೊಪ್ಪರಿಗೆಯ ಅಡಿಗೆ. ಮನೆಯ ಯಜಮಾನ ಕೆಸರಿನಲ್ಲಿ ಕಾಲಿಟ್ಟು ನಿಂತು, ಅದೇ ಕೊಪ್ಪರಿಗೆಯಿಂದ ಮನೆಯೊಡತಿ ಬಡಿಸಿದ ಮೊದಲ ತುತ್ತನ್ನು ಎಲ್ಲರೆದುರು ಉಣ್ಣಬೇಕು. ಆಮೇಲೆ ಮಿಕ್ಕವರು. ಜಾತಿಗೊಂದು ಸಾಲು, ಸಾಲಿಗೊಂದು ಮರ ಎಂದು ಕೂರುತ್ತಿದ್ದ ಆ ಹೊಲಸು ಕಾಲದಲ್ಲಿಯೂ, ಆ ಒಂದು ದಿನ ಕೊಪ್ಪರಿಗೆ ಮಾತ್ರ ಒಂದೇ ಇರುತ್ತಿತ್ತು.

ಕೇಡು ಬಂದದ್ದು ಆ ಮಣ್ಣಿನ ಗುಂಡಿಯಿಂದಲೇ. ಜಗತಿಯ ಬದಿಯಲ್ಲಿ ಗೌಡನ ದೊಡ್ಡ ಹಗೇವಿತ್ತು. ಹಗೇವು ಎಂದರೆ ನೆಲದೊಳಗೆ ಬಾವಿಯಂತೆ ತೋಡಿದ ಕಾಳಿನ ಕಣಜ. ಸುತ್ತ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಬಳಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಅದಕ್ಕಿರುವ ಶತ್ರು ನೀರೊಂದೇ. ಗುಂಡಿಯನ್ನು ದೂರ ತೋಡೋಣ, ಹಗೇವಿಗೆ ತೇವ ಇಳಿದೀತು ಎಂದು ಆಳುಗಳು ಅಂದರು, ಮೋನಪ್ಪನೂ ಅಂದ. ಮಣ್ಣು ಹೊರುವವರು ಜಗತಿಯನ್ನು ಬಳಸಿ ಬಂದರೆ ಹೊಸ ಮೆಟ್ಟಿಲು ಹೊಲಸಾಗುತ್ತದೆಂದು ಗೌಡ ಒಪ್ಪಲಿಲ್ಲ. ತಾನು ಬೆರಳು ತೋರಿಸಿದ ಕಡೆಯೇ ತೋಡಿಸಿದ. ಗುಂಡಿಗೆ ಬಿಟ್ಟ ನೀರು ಎರೆ ನೆಲದ ಬಿರುಕು ಹಿಡಿದು ಸದ್ದಿಲ್ಲದೆ ಹಗೇವಿಗೆ ಇಳಿಯಿತು.

ತುಳಿತದ ದಿನ ಹತ್ತಿರ ಬಂದಾಗ ಹುಗ್ಗಿಗೆ ಜೋಳ ತೆಗೆಯಲು ಹಗೇವಿನ ಬಾಯಿ ಬಿಚ್ಚಿದರು. ಒಳಗಿನ ಗಾಳಿ ಹೇಗಿದೆಯೆಂದು ನೋಡಲು ಇಳಿಬಿಟ್ಟ ದೀಪ ಅರ್ಧಕ್ಕೇ ಆರಿತು. ಎರಡನೆಯ ಸಲವೂ ಆರಿತು. ಬಹಳ ಹೊತ್ತು ಗಾಳಿಯಾಡಲು ಬಿಟ್ಟ ಮೇಲೆ ನಂಬಿಗೆಯ ಆಳೊಬ್ಬ ಇಳಿದು ಬುಟ್ಟಿ ತುಂಬಿ ಮೇಲೆ ಕಳಿಸಿದ. ಬುಟ್ಟಿಯಲ್ಲಿದ್ದದ್ದನ್ನು ಜೋಳ ಎನ್ನಲಾಗದು. ಕಾಳು ಕಾಳಿಗೆ ಅಂಟಿ ಕರಿಯ ಹೆಂಟೆಯಾಗಿತ್ತು. ಹೆಂಟೆಯನ್ನು ಒಡೆದರೆ ಒಳಗೆ ಬಿಳಿಯ ಬೂಜು ನೂಲಿನಂತೆ ಎಳೆಯೆಳೆಯಾಗಿ ಎದ್ದುಬರುತ್ತಿತ್ತು, ಅದರೊಳಗೆ ಕೆನೆಬಣ್ಣದ ಹುಳುಗಳು ಮಿಸುಕುತ್ತಿದ್ದವು. ನಿಂಬೆವ್ವ ಮುರಿದು ನೋಡಿದ ಹೆಂಟೆಯಿಂದ ಅಂಟಂಟು ನೀರು ಅವಳ ಅಂಗೈಗೆ ಇಳಿಯಿತು. ಹುಳಿ ವಾಸನೆಯೂ ಅಲ್ಲ, ಸತ್ತದ್ದರ ವಾಸನೆಯೂ ಅಲ್ಲ. ಎರಡೂ ಕೂಡಿ ಕೊಳೆತಂಥದ್ದು. ಅವಳು ಹೆಂಟೆಯನ್ನು ಬುಟ್ಟಿಗೇ ಎಸೆದಳು. ಸೆರಗಿನಲ್ಲಿ ಮೂಗು ಮುಚ್ಚಿಕೊಂಡು, 'ಹೊಲಕ್ಕ ಗೊಬ್ಬರಾ ಮಾಡಿಸ್ರಿ. ಹಿಂದಿನ ಸಣ್ಣ ಹಗೇವು ಛಲೋ ಐತಿ, ಅದನ್ನ ತಗಸೂಣು' ಎಂದಳು.

ಗೌಡ ಬುಟ್ಟಿಯ ಮೇಲೆ ಗೋಣಿ ಮುಚ್ಚಿಸಿದನಂತೆ. ಕಾಳು ಹೋದದ್ದಕ್ಕೆ ಅವನಿಗೆ ವ್ಯಥೆಯಿರಲಿಲ್ಲ, ಮನೆಯಲ್ಲಿ ಬೇಕಾದಷ್ಟಿತ್ತು. ಆದರೆ ಇಷ್ಟು ಕೊಳೆಯನ್ನು ಬಂಡಿಯಲ್ಲಿ ಹೊರಗೆ ಸಾಗಿಸಿದರೆ ಊರು ನೋಡುತ್ತದೆ. ಗುಂಡಿ ತೋಡುವಾಗ ಹೇಳಿದ ಮಾತನ್ನು ಗೌಡ ಕೇಳಲಿಲ್ಲ, ನೋಡು ಏನಾಯಿತು ಎಂದು ಆಡಿಕೊಳ್ಳುತ್ತದೆ. ಮೋನಪ್ಪ ಬಾಯಿಬಿಟ್ಟು ಅನ್ನದಿದ್ದರೂ ಮನಸ್ಸಿನಲ್ಲಿ ನಗುತ್ತಾನೆ. ಇದಕ್ಕಿಂತ ಆ ಕೊಳೆಯನ್ನು ಊರಿನ ಹೊಟ್ಟೆಗೇ ಹಾಕಿ ಅಡಗಿಸಿಬಿಡುವುದು ವಾಸಿ ಎಂದು ಅವನಿಗೆ ಹೊಳೆಯಿತು. ಈ ಹೊಳಹನ್ನು ನೆನೆದರೆ ಇಂದಿಗೂ ಮೈಯೆಲ್ಲ ಅಸಹ್ಯದಿಂದ ಮುದುಡುತ್ತದೆ. ಹಸಿವಿನಿಂದ ಕೆಟ್ಟದ್ದನ್ನು ತಿಂದವರನ್ನು ಕಂಡಿದ್ದೇವೆ, ಲೋಭದಿಂದ ಕೆಟ್ಟದ್ದನ್ನು ಮಾರಿದವರನ್ನೂ ಕಂಡಿದ್ದೇವೆ. ತನ್ನ ಒಂದು ತಪ್ಪು ಬೆಳಕಿಗೆ ಬರಬಾರದೆಂದು, ತನಗಾಗಿ ದುಡಿಯಲು ಬಂದವರಿಗೆ ಹುಳುಬಿದ್ದದ್ದನ್ನು ಬೇಯಿಸಿ ಹಾಕಿದವನು ಇವನೊಬ್ಬನೇ ಇರಬೇಕು.

'ತೊಳದು ಒಣಗಿಸಿ ಬೀಸು. ಬೆಲ್ಲಾ ಜಾಸ್ತಿ ಹಾಕು, ತುಪ್ಪಾ ಸುರಿ, ಯಾಲಕ್ಕಿ ಕುಟ್ಟಿ ಹಾಕು' ಎಂದ ಗೌಡ.

'ನಾರತೈತ್ರೀ. ಬಾಯಾಗ ಹೆಂಗ ಇಟ್ಟಾರು?'

'ಹೊತ್ತು ಮೂಡಿದಾಗಿಂದ ಆ ಕೊಳಿ ಮಣ್ಣಾಗ ನಿಂತವರ ಮೂಗು ಸತ್ತಿರತೈತಿ. ಅವರಿಗೆ ಯಾವ ವಾಸನಿ ತಿಳೀಬೇಕು?' ಎಂದು ಅವನು ನಕ್ಕ.

ಅವನು ಎಲ್ಲವನ್ನೂ ಲೆಕ್ಕಹಾಕಿದ್ದ. ಮೊದಲ ತುತ್ತನ್ನು ತಾನೇ ಉಣ್ಣಬೇಕಲ್ಲ, ಅದಕ್ಕೂ ಉಪಾಯವಿತ್ತು. ಒಂದು ತಾಮ್ರದ ಬಟ್ಟಲಿನಲ್ಲಿ ಒಳ್ಳೆಯ ಗೋದಿಯ ಹುಗ್ಗಿ ಮಾಡಿ, ಆ ಬಟ್ಟಲನ್ನು ಕೊಪ್ಪರಿಗೆಯ ಬಾಯಲ್ಲಿ ತೇಲುವಂತೆ ಇಟ್ಟು, ತನಗೆ ಅದರಿಂದ ಬಡಿಸಬೇಕು. ದೂರದಿಂದ ನೋಡುವವರಿಗೆ ಸೌಟು ಕೊಪ್ಪರಿಗೆಗೆ ಇಳಿದಂತೆಯೇ ಕಾಣುತ್ತದೆ. ನಿಂಬೆವ್ವ ಆಗುವುದಿಲ್ಲ ಎಂದಾಗ ಅವನು ದನಿಯೇರಿಸಲಿಲ್ಲ. ಹಾಗಾದರೆ ನಾಳೆಯೇ ತವರಿಗೆ ಬಂಡಿ ಕಟ್ಟಿಸುತ್ತೇನೆ, ನಿನ್ನ ಎಳೆಯ ಮಗಳು ಇಲ್ಲೇ ಇರುತ್ತಾಳೆ, ಅಡಿಗೆಗೆ ಇನ್ನೊಬ್ಬಳನ್ನು ತಂದುಕೊಳ್ಳುತ್ತೇನೆ ಎಂದಷ್ಟೇ ಹೇಳಿ, ಮೀಸೆಗೆ ಬೆಣ್ಣೆ ಹಚ್ಚಿಕೊಳ್ಳಲು ಹೋದ.

ನಿಂಬೆವ್ವ ತೊಳೆದಳು. ತೊಳೆದ ನೀರು ಕರ್ರಗೆ ಹರಿಯಿತು. ಮತ್ತೆ ತೊಳೆದಳು, ಮತ್ತೆ ಕರ್ರಗೆ. ಒಣಗಲು ಹಾಕಿದ ಕಾಳಿನ ಮೇಲೆ ನೊಣ ಮುತ್ತಿಕೊಂಡವು. ಬೀಸುವ ಕಲ್ಲಿನಿಂದ ಹಿಟ್ಟು ಉದುರದೆ ಮೇಣದಂತೆ ಮೆತ್ತಿಕೊಂಡಿತು. ಹೇಗಿದೆ ನೋಡೋಣವೆಂದು ಸ್ವಲ್ಪ ಬೇಯಿಸಿ, ಬೆಲ್ಲ ತುಪ್ಪ ಹಾಕಿ, ಹಿತ್ತಲಿನ ನಾಯಿಯ ಮುಂದೆ ಇಟ್ಟಳು. ಚಪ್ಪಲಿ ಕಡಿಯುವ, ಕೂಸಿನ ಹೊಲಸಿಗೂ ಬಾಯಿ ಹಾಕುವ ನಾಯಿ ಅದು. ಅದು ಬಂದು ಮೂಸಿತು, ಅವಳ ಮುಖವನ್ನೊಮ್ಮೆ ನೋಡಿತು, ಬಾಲ ಮುದುರಿಕೊಂಡು ಹೋಗಿ ದೂರ ಮಲಗಿತು. ನಿಂಬೆವ್ವ ಅಲ್ಲೇ ಕುಕ್ಕರಿಸಿ ಕುಳಿತಳು. ಕೈಗಳನ್ನು ಬೂದಿಯಲ್ಲಿ ತಿಕ್ಕಿದಳು, ಹುಣಸೆಹಣ್ಣಿನಲ್ಲಿ ತಿಕ್ಕಿದಳು, ಸೀಗೆಪುಡಿಯಲ್ಲಿ ತಿಕ್ಕಿದಳು. ಚರ್ಮ ಸುಲಿದು ಕೆಂಪಾಯಿತೇ ಹೊರತು ವಾಸನೆ ಹೋಗಲಿಲ್ಲ. ಮಗಳಿಗೆ ಅನ್ನ ಕಲಸಿ ಬಾಯಿಗೆ ಇಡಹೋದರೆ ಆ ಕೂಸು ಮುಖ ಕಿವುಚಿ ಆಚೆ ತಿರುಗಿತು. ಊರೆಲ್ಲ ಕೈಚಾಚಿ ಉಂಡ ಕೈ ಇದು, ಈಗ ಹೆತ್ತ ಮಗಳೇ ಹೇಸುತ್ತಾಳೆ ಎಂದು ಅವಳು ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು. ಗಂಡನ ಮೇಲೆ ಸಿಟ್ಟು ಬಂದದ್ದು ಆಮೇಲೆ. ಮೊದಲು ಬಂದದ್ದು ತನ್ನ ಮೇಲೆಯೇ ಹೇಸಿಗೆ.

ತುಳಿತದ ದಿನ ಊರಿಗೂರೇ ಬಂತು. ಮುಂದಾಳಾಗಿ ಬಂದವಳು ಹುಲಿಗೆವ್ವ. ಊರಿನ ಸೂಲಗಿತ್ತಿ, ನಿಂಬೆವ್ವನ ಮಗಳನ್ನೂ ಮೊದಲು ಎತ್ತಿಕೊಂಡ ಮುದುಕಿ. ಅವಳು ಹಾಡು ಎತ್ತಿದರೆ ಕಾಲುಗಳು ತಾವೇ ಏಳುತ್ತಿದ್ದವು. ಬಸುರಿಯರು ಗುಂಡಿಯ ದಂಡೆಯಲ್ಲಿ ಕುಳಿತು ಹುಲ್ಲು ಎಸೆಯುತ್ತಿದ್ದರು, ಮಕ್ಕಳು ಸೊಂಟದ ತನಕ ಕೆಸರು ಮೆತ್ತಿಕೊಂಡು ಕಿರುಚುತ್ತಿದ್ದರು. ಗುಂಡಿಯ ನಾತಕ್ಕೆ ಆಕಾಶದ ಹದ್ದುಗಳೂ ಕೆಳಗಿಳಿದು ಸುತ್ತುತ್ತಿದ್ದವಂತೆ. ಬಿಸಿಲು ನೆತ್ತಿಗೆ ಬಂದಾಗ ಎಲ್ಲರೂ ಕಾಲಿನ ಕೆಸರು ಕಾಲಿನಲ್ಲೇ ಇರಲು ಮರಗಳ ಕೆಳಗೆ ಸಾಲಾಗಿ ಕುಳಿತರು. ಮುತ್ತುಗದ ಎಲೆಗಳು ಬಿದ್ದವು. ಗೌಡ ಹೊಸ ಧೋತರದ ಅಂಚನ್ನು ಎರಡು ಬೆರಳಿನಿಂದ ಎತ್ತಿಹಿಡಿದು, ಒಂದು ಪಾದವನ್ನು ಕೆಸರಿಗೆ ಸೋಕಿಸಿ ನಿಂತ. ಪರವೂರಿನ ಗೌಡರು, ನೆಂಟರು ಜಗತಿಯ ಮೇಲಿದ್ದರು. ಕೊಪ್ಪರಿಗೆ ಬಂತು. ಗೌಡ ಹೇಳಿದಂತೆಯೇ ಯಾರ ಮೂಗಿಗೂ ಏನೂ ತಿಳಿಯಲಿಲ್ಲ. 'ಗೌಡಶಾನಿ ಕೈ ಅಡಗಿ, ಹೊಟ್ಟಿ ಇವತ್ತ ಪಾವನ ಆಗತೈತಿ ನೋಡ್ರಿ' ಎಂದು ಹುಲಿಗೆವ್ವ ಪಕ್ಕದವರಿಗೆ ಹೇಳುತ್ತಿದ್ದಳು.

ಆ ಮಾತು ನಿಂಬೆವ್ವನ ಕಿವಿಗೆ ಬಿತ್ತು. ಅದು ಬೀಳದಿದ್ದರೆ ಅವಳು ಏನು ಮಾಡುತ್ತಿದ್ದಳೋ ಹೇಳಲಾಗದು. ಹಿಡಿದಿದ್ದ ಸೌಟನ್ನು ಬದಿಗಿಟ್ಟಳು. ಆಮೇಲೆ ಕೊಪ್ಪರಿಗೆಯ ಬಾಯಲ್ಲಿದ್ದ ತಾಮ್ರದ ಬಟ್ಟಲನ್ನು ಎರಡೂ ಕೈಯಿಂದ ಎತ್ತಿ, ಎಲ್ಲರೂ ನೋಡುವಂತೆ, ನೆಲದ ಮೇಲೆ ಇಟ್ಟಳು. ಸೌಟನ್ನು ಕೊಪ್ಪರಿಗೆಯ ತಳಕ್ಕೆ ಇಳಿಸಿ, ಕಲಕಿ, ತುಂಬಿಕೊಂಡು, ಗಂಡನ ಎಲೆಗೆ ಸುರಿದಳು. ಗೌಡನ ಮುಖ ಬಿಳಿಚಿತು. 'ಬಟ್ಟಲದಾಗಿಂದು' ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ. ನಿಂಬೆವ್ವ ಮೆಲ್ಲಗೆ ಮಾತಾಡಲಿಲ್ಲ. 'ಇವತ್ತ ಎಲ್ಲಾರಿಗೂ ಒಂದ ಕೊಪ್ಪರಿಗಿ ಅಲ್ಲೇನ್ರೀ ಗೌಡ್ರ? ಉಣ್ರಿ. ಮಂದಿ ಹಸದಾರ' ಎಂದಳು.

ಎಲೆ ಕೈಯಲ್ಲಿದೆ, ಊರು ಎದುರಿಗಿದೆ, ಜಗತಿಯ ಮೇಲೆ ನೆಂಟರಿದ್ದಾರೆ. ಗೌಡ ತುತ್ತು ಎತ್ತಿ ಬಾಯಿಗೆ ಹಾಕಿಕೊಂಡ. ನುಂಗಿಬಿಟ್ಟಿದ್ದರೆ ಗೆಲ್ಲುತ್ತಿದ್ದನೇನೋ. ಆದರೆ ಅವನು ಕೆಸರಿನಲ್ಲಿ ನಿಂತದ್ದು ಒಂದು ಗಳಿಗೆ, ಅದೂ ಒಂದೇ ಪಾದ. ಅವನ ಮೂಗು ಸತ್ತಿರಲಿಲ್ಲ. ಬೆಲ್ಲದ ಸಿಹಿಯ ಹಿಂದಿನಿಂದ ಆ ಕೊಳೆ ನಾಲಗೆಗೆ ಹತ್ತಿದಾಗ ಅವನ ಕಣ್ಣು ಮೇಲೆ ಸಿಕ್ಕಿಕೊಂಡವು, ಗಂಟಲು ಉಬ್ಬಿತು, ಕೆನ್ನೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ತುತ್ತು ಹೊರಳಿತು. ತಡೆದುಕೊಳ್ಳಲಾರದೆ ಬಗ್ಗಿ, ಊರು ತುಳಿದ ಮಣ್ಣಿನ ಮೇಲೆಯೇ ಅದನ್ನು ಉಗುಳಿದ. ಉಗುಳಿದ್ದರ ಜೊತೆಗೆ ಬೆಳಗಿನದೂ ಬಂತು. ಬೆಣ್ಣೆ ಹಚ್ಚಿದ ಮೀಸೆಯಿಂದ ಅದು ಎಳೆಯಾಗಿ ಇಳಿಯುತ್ತಿದ್ದುದನ್ನು ಊರಿನ ಸಣ್ಣ ಕೂಸೂ ನೋಡಿತು.

ಹುಲಿಗೆವ್ವ ಎದ್ದು ಬಂದಳು. ಸೌಟಿನಲ್ಲಿ ಉಳಿದಿದ್ದನ್ನು ಚಿವುಟಿ ಮೂಗಿನ ಹತ್ತಿರ ಹಿಡಿದು, ಬೆರಳಿನಲ್ಲಿ ಹಿಸುಕಿ ನೋಡಿ, 'ಹಗೇವಿನ ಕೊಳಿ ಇದು' ಎಂದಳು. 'ಬಸರಿ ಹೆಣಮಕ್ಕಳು ಕುಂತಾರ ಇಲ್ಲೆ. ಇದನ್ನ ಉಣಸಾಕ ಕರದಿದ್ಯೇನೋ ನಮ್ಮನ್ನ?' ಗೌಡ ಮೀಸೆ ಒರೆಸಿಕೊಳ್ಳುತ್ತಿದ್ದ. ಮುದುಕಿ ಅವನ ಕಾಲಬುಡಕ್ಕೆ ಥೂ ಎಂದು ಉಗುಳಿದಳು. ಅವಳ ಹಿಂದೆ ಊರು ಎದ್ದಿತು. ಒಬ್ಬೊಬ್ಬರೂ ಗುಂಡಿಯ ದಂಡೆಗೆ ಬಂದು ಉಗುಳಿದರು. ತೊಡೆಗೆ ಮೀನಖಂಡಕ್ಕೆ ಮೆತ್ತಿಕೊಂಡಿದ್ದ ಕೆಸರನ್ನು ಕೈಯಿಂದ ಬಳಿದು ಬಳಿದು ಗುಂಡಿಗೇ ಎಸೆದರು. ಅವನ ಮಣ್ಣು ನಮ್ಮ ಕಾಲಿಗೂ ಬೇಡ ಎಂದರು. ನೆಂಟರು ಜಗತಿಯ ಹಿಂದಿನಿಂದ ಇಳಿದು ಬಂಡಿ ಹೂಡಿದರು. ಅನ್ನವನ್ನು ಉಗುಳಿಸಿಕೊಂಡ ಮಣ್ಣು ಗೋಡೆಯಾಗಬಾರದು, ಈ ಮನೆಗೆ ಬೇರೆ ಮಣ್ಣನ್ನೂ ಯಾರೂ ತುಳಿಯಬಾರದು ಎಂದು ಅಂದೇ ಊರು ಮಾತು ಮಾಡಿಕೊಂಡಿತು.

ಹೋಗುವಾಗ ಹುಲಿಗೆವ್ವ ನಿಂಬೆವ್ವನ ಮುಂದೆ ನಿಂತಳು. 'ಬೇಯಿಸಿದಾಕಿ ನೀನ ಅಲ್ಲೇನವ್ವಾ?' ಎಂದು ಕೇಳಿದಳು. ನಿಂಬೆವ್ವ ಅಳಲಿಲ್ಲ, ಗಂಡನ ಹೆಸರು ಹೇಳಲಿಲ್ಲ. ಹೌದೆಂದು, ಸುಲಿದು ಕೆಂಪಾದ ಎರಡೂ ಕೈಗಳನ್ನು ಮುಂದೆ ಚಾಚಿದಳು. ಮುದುಕಿ ಆ ಕೈಗಳನ್ನು ತಿರುಗಿಸಿ ನೋಡಿದಳು, ಮೂಸಿದಳು, ಬಿಟ್ಟಳು. 'ಈ ಕೈಯಾಗ ನಾವು ಮತ್ತ ಉಣಬೇಕಾದ್ರ, ನಮ್ಮ ಕಣ್ಣಿಗೆ ಕಾಣೂ ಹಂಗ ಅಡಗಿ ಮಾಡು' ಎಂದಷ್ಟೇ ಹೇಳಿ ಹೊರಟುಹೋದಳು.

ಆ ಸಂಜೆ ಗೌಡ ಬಾಯಿ ತೊಳೆದುಕೊಂಡು ಬಂದು, ಹೊಸ ವಾಡೆಯ ನಡುಮನೆಯಲ್ಲಿ ನಿಂತು, ಹೆಂಡತಿಯ ಕಡೆ ಬೆರಳು ತೋರಿಸಿ, ನನ್ನ ಮನೆಯಿಂದ ಹೊರಗೆ ಹೋಗು ಎಂದು ಕಿರುಚಿದನಂತೆ. ಬೀದಿಯಲ್ಲಿ ಜನ ನಿಂತಿದ್ದರು. ಗೋಡೆಯಿಲ್ಲದ್ದರಿಂದ ಎಲ್ಲವೂ ಕಾಣುತ್ತಿತ್ತು, ಕೇಳುತ್ತಿತ್ತು. ನಿಂಬೆವ್ವ ಸುತ್ತಲೂ ಒಮ್ಮೆ ನೋಡಿದಳು. 'ಹೊರಗ ಯಾವುದು, ಒಳಗ ಯಾವುದು, ಮೊದಲ ಅದನ್ನ ಹೇಳ್ರಿ. ಆಮ್ಯಾಲೆ ಹೋಗ್ತೀನಿ' ಎಂದಳು. ಬೀದಿಯ ಮಂದಿ ಅಷ್ಟು ಹೇಸಿಗೆಯ ನಡುವೆಯೂ ನಕ್ಕರು. ಗೌಡನ ಬೆರಳು ಎಲ್ಲಿಗೆ ತೋರಿಸಬೇಕೆಂದು ತಿಳಿಯದೆ ಗಾಳಿಯಲ್ಲಿ ತಿರುಗಿ ಕೆಳಗಿಳಿಯಿತು. ಹಳೆಯ ಮನೆಯನ್ನು ಆಗಲೇ ಕೆಡವಿ ಅದರ ಮರವನ್ನೂ ಹೊಸದಕ್ಕೆ ಬಳಸಿದ್ದರಿಂದ ಅವನಿಗೂ ಹೋಗಲು ಬೇರೆ ಕಡೆಯಿರಲಿಲ್ಲ.

ಗೋಡೆ ಏಳಿಸಲು ಅವನು ಮಾಡದ ಪ್ರಯತ್ನವಿಲ್ಲ. ಪರವೂರಿನ ಆಳುಗಳನ್ನು ಕರೆಸಿದ. ಅವರು ಅಗಸಿಯ ಹತ್ತಿರ ಸುದ್ದಿ ಕೇಳಿ ಅಲ್ಲಿಂದಲೇ ಹಿಂದೆ ತಿರುಗಿದರು. ತಟ್ಟಿ ಕಟ್ಟಿಸಿದ, ಗಾಳಿ ಹೊತ್ತೊಯ್ದಿತು. ಗೋಣಿತಾಟು ಇಳಿಬಿಟ್ಟ, ಹೆಗ್ಗಣ ಕಡಿದು ಚಿಂದಿ ಮಾಡಿದವು. ಕೊನೆಗೆ ಆ ದೊಡ್ಡ ವಾಡೆಯಲ್ಲಿ ಊರಿನ ಕಣ್ಣೆದುರಿಗೆ ಏಳುವುದು, ಊರಿನ ಕಣ್ಣೆದುರಿಗೆ ಉಣ್ಣುವುದು, ಊರಿನ ಕಣ್ಣೆದುರಿಗೆ ಮಲಗುವುದು ಅವನ ಪಾಲಿಗೆ ಬಂತು. ಉಣ್ಣುವಾಗ ಬೀದಿಗೆ ಬೆನ್ನು ಮಾಡಿ ಕುಳಿತರೆ ಹೊಲಕ್ಕೆ ಹೋಗುವವರು ಎದುರಾಗುತ್ತಿದ್ದರು. ಹೊಲಕ್ಕೆ ಬೆನ್ನು ಮಾಡಿದರೆ ನೀರಿಗೆ ಹೋಗುವವರು. ಅವನು ಅಗಿಯುವುದನ್ನು ಕಂಡಾಗಲೆಲ್ಲ ಜನರಿಗೆ ಆ ತುತ್ತು ನೆನಪಾಗಿ, ಮುಖ ಕಿವುಚಿ ದಾಟುತ್ತಿದ್ದರು. ಆದರೂ ಹೊತ್ತು ಮುಳುಗಿದಾಗ ಅವನು ಬಾಗಿಲವಾಡದ ಹತ್ತಿರ ಬಂದು, ಎರಡೂ ಕದ ಮುಚ್ಚಿ, ಸರಪಳಿ ಏರಿಸಿ ಕೀಲಿ ಹಾಕುತ್ತಿದ್ದನಂತೆ. ಎರಡೂ ಬದಿಗೆ ಬಯಲು, ನಡುವೆ ಕೀಲಿ ಹಾಕಿದ ಬಾಗಿಲು. ದನ ಕೂಡ ಪಕ್ಕದಿಂದ ನುಗ್ಗಿ ಹೋಗುತ್ತಿದ್ದವು.

ನಿಂಬೆವ್ವ ಮರುದಿನವೇ ಕೆರೆಯಂಗಳದಿಂದ ಹೊಸ ಮಣ್ಣು ಹೊತ್ತು ತಂದು, ಒಬ್ಬಳೇ ತುಳಿದು, ಹಿತ್ತಲ ಕಡೆ ಒಲೆಯ ಸುತ್ತ ಒಂದು ಗೋಡೆ ಕಟ್ಟಿದಳು. ಗಾಳಿಗೆ ಬೆಂಕಿ ಆರಬಾರದು, ಆದರೆ ಪಾತ್ರೆಯೊಳಗಿರುವುದು ದಾರಿಯವರಿಗೆ ಕಾಣಬೇಕು, ಅಷ್ಟೇ ಎತ್ತರ. ಅದರ ಹಿಂದೆ ಕುಳಿತು ಅವಳು ದಿನಾ ಅಡಿಗೆ ಮಾಡಿದಳು. ಯಾರೂ ಬರಲಿಲ್ಲ. ಬಾಣಂತಿಯರಿಗೆ ಬೇರೆಯವರು ಅನ್ನ ಒಯ್ದರು, ಸತ್ತವರ ಮನೆಗೆ ಬೇರೆಯವರು ಬುತ್ತಿ ಕಟ್ಟಿದರು. ಅವಳು ಬೇಸರಿಸದೆ ಕಾಳನ್ನು ಆ ಗೋಡೆಯ ಮೇಲೆಯೇ ಹರಡಿ ಆರಿಸುತ್ತಿದ್ದಳು, ಹುಳುಕು ಕಾಳನ್ನು ಎಲ್ಲರೂ ನೋಡುವಂತೆ ಹೊಲದ ದಾರಿಗೇ ಎಸೆಯುತ್ತಿದ್ದಳು. ಮಳೆಗಾಲಗಳು ಹೋದವು. ಒಂದು ದಿನ ಹುಲಿಗೆವ್ವ, ಆಗ ಕೋಲು ಹಿಡಿದಿದ್ದಳು, ಹೊಲದಿಂದ ಬರುವಾಗ ಆ ಗೋಡೆಯ ಹತ್ತಿರ ನಿಂತು ನುಚ್ಚು ಕುದಿಯುವುದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಗೋಡೆಯ ಮೇಲೆಯೇ ಕುಳಿತು ಕೈಚಾಚಿದಳು. ನಿಂಬೆವ್ವ ತಾನು ಮೊದಲು ಒಂದು ತುತ್ತು ಉಂಡು ತೋರಿಸಿ, ಆಮೇಲೆ ಅವಳ ಅಂಗೈಗೆ ಬಡಿಸಿದಳು. ಮುದುಕಿ ಉಂಡಳು, ಬೆರಳು ನೆಕ್ಕಿದಳು. ನಿಂಬೆವ್ವ ಮೊದಲ ಸಲ ಅತ್ತದ್ದು ಅಂದು. ಪಡಸಾಲೆಯಲ್ಲಿ ಗೌಡ ತನ್ನ ತಟ್ಟೆಯ ಮುಂದೆ ಕುಳಿತು ಅದನ್ನು ನೋಡುತ್ತಿದ್ದ. ನಡುವೆ ಗೋಡೆಯಿರಲಿಲ್ಲ.

ಆ ತಾಮ್ರದ ಬಟ್ಟಲನ್ನು ಜಂತಿಗೆ ತೂಗುಹಾಕಿದವಳು ನಿಂಬೆವ್ವನೇ ಎನ್ನುತ್ತಾರೆ. ತಂದೆತಾಯಿ ತೀರಿಕೊಂಡ ಮೇಲೆ ಅವಳ ಮಗಳು ವಾಡೆಯನ್ನು ಊರಿಗೆ ಬಿಟ್ಟುಕೊಟ್ಟಳು. ಮಾಡು ಬೀಳದಂತೆ ಊರವರು ಇಂದಿಗೂ ಮಳೆಗೆ ಮುಂಚೆ ಕರಲು ಮಣ್ಣು ಹಾಕುತ್ತಾರೆ, ಗೋಡೆ ಕಟ್ಟಲು ಮಾತ್ರ ಯಾರಿಗೂ ಬಿಡುವುದಿಲ್ಲ. ಬಂದವರು ನೋಡಬಹುದು: ಬಾಗಿಲವಾಡದ ಕಟ್ಟಿಗೆಯಲ್ಲಿ ಸರಪಳಿ ತೇಯ್ದು ಬಿದ್ದ ಆಳವಾದ ಗೆರೆಯಿದೆ, ಹಿತ್ತಲ ಗೋಡೆಯ ನೆತ್ತಿ ಕುಳಿತು ಕುಳಿತು ನುಣುಪಾಗಿದೆ. ಈಗ ಊರಿನಲ್ಲಿ ಮಣ್ಣು ತುಳಿಯುವವರಿಲ್ಲ, ಎಲ್ಲ ಸಿಮೆಂಟು. ಆದರೂ ಯಾರದೇ ಮನೆಗೆ ಸ್ಲ್ಯಾಬ್ ಹಾಕುವ ದಿನ ಆ ಮನೆಯೊಡತಿ ಸೌಟು ಹಿಡಿದು ಇಲ್ಲಿಗೆ ಬಂದು, ಬಟ್ಟಲಿಗೆ ಒಮ್ಮೆ ಬಡಿದು ಹೋಗುತ್ತಾಳೆ. ಆ ಸದ್ದು ಕೇಳಿದ ಮೇಲೆ ಯಜಮಾನ ಕೆಲಸದವರ ಎದುರು ಅವರಿಗೆ ಮಾಡಿದ ಅಡಿಗೆಯದೇ ಮೊದಲ ತುತ್ತು ಉಣ್ಣುತ್ತಾನೆ. ಅವನು ನುಂಗುವವರೆಗೆ ಯಾರೂ ಎಲೆಗೆ ಕೈ ಹಾಕುವುದಿಲ್ಲ, ಅವನ ಗಂಟಲನ್ನೇ ನೋಡುತ್ತಿರುತ್ತಾರೆ.